ಯಾವ ಕ್ರೈಂ ಸರಣಿ ಬೆಸ್ಟು? ಹಾಸನದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇಲೂರು ಚೆಂದವೋ ಹಳೇಬೀಡು ಚೆಂದವೋ ಅನ್ನೋ ಜಗಳ ಈ ಜಿಲ್ಲೆಯಲ್ಲಿ ಮುಗಿಯುವಂಥದ್ದಲ್ಲ. ಟಿವಿಯ ಅಪರಾಧ ಸರಣಿಗಳ ಜಗಳವೂ ಅದೇ ಜಾತಿಯದು. ಮುಗಿಸೋಕೆ ಆಗದಿದ್ದರೂ ಸರಿಯಾಗಿ ಜಗಳ ಆಡಬಹುದು. ಅದಕ್ಕೆ ಬೇಕಾದ ಸರಕು ಇಲ್ಲಿದೆ. ಕಥೆಯ ಕೊನೆಯನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ. ಕಡೇ ಪ್ರಶ್ನೆಯಲ್ಲಿ ಮಾತ್ರ ಅರ್ಧ ಹೆಜ್ಜೆ ದಾಟಿದ್ದೇವೆ.

ಸುತ್ತು ಬಳಸದೆ ಹೇಳಿ. ಯಾವುದು ಬೆಸ್ಟು?

‘ದಿ ವೈರ್’. ಡ್ರಗ್ಸ್ ಮಾರುವವರ ಮತ್ತು ಅವರ ಫೋನ್ ಕದ್ದಾಲಿಸುವ ಪೊಲೀಸರ ಕಥೆ. 2002ರಿಂದ 2008ರವರೆಗೆ ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ ಬಂತು. 5 ಸೀಸನ್, 60 ಕಂತು.

ಯಾಕೆ? ಎಲ್ಲರೂ ‘ಬ್ರೇಕಿಂಗ್ ಬ್ಯಾಡ್’ ಅಂತಾರಲ್ಲ?

ಕಥೆ ಕಟ್ಟುವ ಕೈಚಳಕ ಒಂದನ್ನೇ ನೋಡಿದರೆ ‘ಬ್ರೇಕಿಂಗ್ ಬ್ಯಾಡ್’ ಮುಂದಿದೆ, ಅದನ್ನು ಒಪ್ಪಲೇಬೇಕು. ಡ್ರಗ್ಸ್ ತಯಾರಿಸೋಕೆ ಇಳಿದ ಕೆಮಿಸ್ಟ್ರಿ ಮೇಷ್ಟ್ರ ಕಥೆ, 2008ರಿಂದ 2013, 62 ಕಂತು. ಇಷ್ಟರಲ್ಲಿ ನಡೆಯುವ ಕಥೆಯ ಕಾಲ ನಾಯಕನ 50ನೇ ಹುಟ್ಟುಹಬ್ಬದಿಂದ 52ನೆಯದರವರೆಗೆ, ಸುಮಾರು ಎರಡು ವರ್ಷ. ಒಂದು ತಪ್ಪು ಇನ್ನೊಂದು ತಪ್ಪನ್ನು ಹೆರುತ್ತಾ ಹೋಗುತ್ತೆ, ನಡುವೆ ಎಳೆ ಎಲ್ಲೂ ಕಡಿಯೋದಿಲ್ಲ. ಮೊದಲ ಸೀಸನ್‌ನ 3ನೇ ಕಂತು ನೋಡಿ. ನಾಯಕ ಒಡೆದ ಊಟದ ತಟ್ಟೆಯ ಚೂರುಗಳನ್ನು ಕಸದ ಬುಟ್ಟಿಯಿಂದ ತೆಗೆದು ಅಡುಗೆಮನೆಯಲ್ಲಿ ಜೋಡಿಸುತ್ತಾನೆ. ಎಲ್ಲ ಕೂಡಿಕೊಂಡ ಮೇಲೆ ಉದ್ದನೆಯ ಒಂದು ಚೂರಿನ ಜಾಗ ಮಾತ್ರ ಖಾಲಿ. ಆ ಚೂರು ಯಾರ ಹತ್ತಿರ ಇದೆ ಅಂತ ಅವನಿಗೂ ನಮಗೂ ಒಂದೇ ಕ್ಷಣದಲ್ಲಿ ಹೊಳೆಯುತ್ತೆ. ಬಿಡಿಸಿ ಹೇಳುವ ಮಾತು ಒಂದೂ ಇಲ್ಲ.

ಆದರೆ ಅದು ಒಬ್ಬ ಮನುಷ್ಯ ಕೆಟ್ಟುಹೋದ ಕಥೆ. ಅವನ ಊರು ಆಲ್ಬುಕರ್ಕಿಯ ಬದಲು ಬೇರೆ ಊರಾಗಿದ್ದರೂ ಕಥೆಯ ಬೆನ್ನುಮೂಳೆ ಹಾಗೇ ನಿಲ್ಲುತ್ತಿತ್ತು. ‘ದಿ ವೈರ್’ನಲ್ಲಿ ಕೆಟ್ಟಿರೋದು ಬಾಲ್ಟಿಮೋರ್ ಅನ್ನೋ ಊರೇ. ಮೊದಲ ಸೀಸನ್ ಬೀದಿ ಮತ್ತು ಪೊಲೀಸ್, ಎರಡನೆಯದು ಬಂದರು, ಮೂರನೆಯದು ಪಾಲಿಕೆ ರಾಜಕೀಯ, ನಾಲ್ಕನೆಯದು ಸರ್ಕಾರಿ ಶಾಲೆ, ಐದನೆಯದು ಪತ್ರಿಕೆ. ಬರೆದವರಲ್ಲಿ ಡೇವಿಡ್ ಸೈಮನ್ ಅಲ್ಲಿನ ‘ಬಾಲ್ಟಿಮೋರ್ ಸನ್’ನ ಅಪರಾಧ ವರದಿಗಾರನಾಗಿದ್ದವರು, ಎಡ್ ಬರ್ನ್ಸ್ ಅದೇ ಊರಿನ ಕೊಲೆ ವಿಭಾಗದ ಪತ್ತೇದಾರ, ಆಮೇಲೆ ಶಾಲಾ ಮೇಷ್ಟ್ರು. ಹಾಗಾಗಿ ಮೇಲಧಿಕಾರಿಗೆ ಅಂಕಿ ಚೆನ್ನಾಗಿ ಕಾಣಲಿ ಅಂತ ದರೋಡೆಯನ್ನು ಸಣ್ಣ ಕಳ್ಳತನ ಅಂತ ಬರೆದುಕೊಳ್ಳೋ ಪದ್ಧತಿ, ಶಾಲೆಯಲ್ಲಿ ಪರೀಕ್ಷೆ ಅಂಕಕ್ಕೂ ಅದೇ ಪದ್ಧತಿ, ಇವೆಲ್ಲ ಊಹೆಯಿಂದ ಬಂದವಲ್ಲ. ಒಂದು ಕಡತ ಮೇಜಿಂದ ಮೇಜಿಗೆ ದಾಟಲಿ ಅಂತ ತಾಲ್ಲೂಕು ಕಚೇರಿ ಕಟ್ಟೆ ಮೇಲೆ ಕಾದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅದರಲ್ಲೂ ಹುಳುಕಿದೆ. ಐದನೇ ಸೀಸನ್‌ನ ಮುಖ್ಯ ಕಥೆ ನಂಬೋಕೆ ಕಷ್ಟ, ಪತ್ರಿಕಾ ಕಚೇರಿಯ ಕೆಡುಕರು ಬರೀ ಕೆಡುಕರು. ಆದರೂ ನಾಲ್ಕನೇ ಸೀಸನ್‌ಗೆ ಸಮನಾದದ್ದನ್ನು ಟಿವಿಯಲ್ಲಿ ಬೇರೆ ಯಾರೂ ಮಾಡಿಲ್ಲ ಅನ್ನೋದು ನಮ್ಮ ತೀರ್ಪು.

‘ದಿ ವೈರ್’ ಮೂರು ಕಂತು ನೋಡಿ ಬಿಟ್ವಿ. ಯಾರು ಯಾರು ಅಂತಲೇ ಗೊತ್ತಾಗಲಿಲ್ಲ.

ಬಿಟ್ಟವರಲ್ಲಿ ಬಹುಪಾಲು ಅಲ್ಲೇ ಬಿಡೋದು. ಕಾರಣ ಮೂರು. ಹೆಸರು ಹೆಚ್ಚು, ಬೀದಿ ಇಂಗ್ಲಿಷ್ ಕಿವಿಗೆ ಹತ್ತೋದಿಲ್ಲ, ಹಿಂದಿನ ಕಂತಲ್ಲಿ ಏನಾಯ್ತು ಅಂತ ಪಾತ್ರಗಳು ನಮಗಾಗಿ ಹೇಳಿಕೊಳ್ಳೋದಿಲ್ಲ.

ಹೀಗೆ ಮಾಡಿ. ಒಂದು ಹಾಳೆಯಲ್ಲಿ ಎರಡು ಸಾಲು ಎಳೆದು ಹನ್ನೆರಡೇ ಹೆಸರು ಬರೆದುಕೊಳ್ಳಿ. ಪೊಲೀಸ್ ಕಡೆ ಮೆಕ್ನಲ್ಟಿ, ಬಂಕ್, ಕೀಮಾ, ಡೇನಿಯಲ್ಸ್, ಫ್ರೀಮನ್, ಪ್ರೆಜ್. ಆ ಕಡೆ ಏವನ್, ಸ್ಟ್ರಿಂಗರ್ ಬೆಲ್, ಡಿಯಾಂಜೆಲೊ, ಬೋಡಿ, ವಾಲೆಸ್, ಓಮರ್. ಮೊದಲ ಸೀಸನ್‌ಗೆ ಇಷ್ಟು ಸಾಕು, ಉಳಿದವರು ತಾವಾಗೇ ನೆನಪಲ್ಲಿ ಉಳೀತಾರೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದರೂ ಸರಿ. ದಿನಕ್ಕೆ ಒಂದು ಕಂತು, ಹೆಚ್ಚೆಂದರೆ ಎರಡು. ವಾರಕ್ಕೊಂದು ನೋಡಿದರೆ ಹಿಂದಿನದು ಮರೆತುಹೋಗುತ್ತೆ. ಒಂದೇ ಭಾನುವಾರ ಆರು ನೋಡಿದರೆ ತಲೆಯಲ್ಲಿ ಗೊಜ್ಜು. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಇಡಿ. ನಾಲ್ಕನೇ ಕಂತು ಮುಗಿಯುವವರೆಗೆ ತೀರ್ಪು ಬೇಡ.

ಯಾಕೆ ನಾಲ್ಕನೆಯದು? ಅಲ್ಲಿ ಒಂದು ಅಡುಗೆಮನೆ ದೃಶ್ಯ ಇದೆ. ಹಳೇ ಕೊಲೆ ಕೇಸು. ಬಂಕ್ ಮತ್ತು ಮೆಕ್ನಲ್ಟಿ ಖಾಲಿ ಮನೆಗೆ ಬಂದು ಶವದ ಫೋಟೋಗಳನ್ನು ನೆಲದ ಮೇಲೆ ಹರಡಿ, ಅಳತೆ ಟೇಪು ಹಿಡಿದು, ಗುಂಡು ಹೋದ ದಾರಿ ಹುಡುಕುತ್ತಾರೆ. ಇಬ್ಬರೂ ಆಡೋದು ಒಂದೇ ಒಂದು ಬೈಗುಳ, ಅದನ್ನೇ ನಾನಾ ರಾಗದಲ್ಲಿ. ಒಮ್ಮೆ ಬೇಸರ, ಒಮ್ಮೆ ಅನುಮಾನ, ಒಮ್ಮೆ ಬೆರಗು. ಗುಂಡು ಫ್ರಿಜ್ ಬಾಗಿಲಲ್ಲಿ ಸಿಗುತ್ತೆ. ಅಲ್ಲಿಂದ ಲೆಕ್ಕ ಹಾಕಿ ಕೊಲೆಗಾರ ಕಿಟಕಿಯ ಹೊರಗೆ ನಿಂತಿದ್ದ ಅಂತ ತಿಳಿದು, ಅಂಗಳಕ್ಕೆ ಹೋಗಿ ಖಾಲಿ ತೋಟಾ ಹೆಕ್ಕುತ್ತಾರೆ. ತನಿಖೆ ಹೇಗೆ ನಡೆಯುತ್ತೆ ಅಂತ ವಿವರಿಸೋ ಒಂದು ಸಾಲೂ ಇಲ್ಲ, ಆದರೂ ಪೂರ್ತಿ ಅರ್ಥವಾಗುತ್ತೆ. ಇದು ಹಿಡಿಸದಿದ್ದರೆ ಧಾರಾಳವಾಗಿ ಬಿಡಿ, ಮುಂದಿನ 56 ಕಂತೂ ಹಿಡಿಸೋದಿಲ್ಲ.

ಎರಡನೇ ಸಲ ಜನ ಬಿಡೋದು ಸೀಸನ್ 2ರ ಶುರುವಲ್ಲಿ. ಗೊತ್ತಿದ್ದ ಹುಡುಗರ ಬದಲು ಬಂದರಿನ ಕೂಲಿಗಳು ಬರುತ್ತಾರೆ. ಮೂರು ಕಂತು ತಡೆದುಕೊಳ್ಳಿ.

‘ದಿ ವೈರ್’ನಲ್ಲಿ ಡ್ರಗ್ಸ್ ಹುಡುಗರ ಪೇಜರಿಗೆ (ಫೋನ್ ನಂಬರ್ ತೋರಿಸುವ ಹಳೇ ಸಾಧನ) ಬರುವ ಕೋಡ್ ಅರ್ಥ ಆಗಲಿಲ್ಲ. ಏನದು ‘ಐದರ ಮೇಲೆ ಹಾರೋದು’?

ಮೊಬೈಲಿನ ಕೀಪ್ಯಾಡ್ ತೆರೆದು ನೋಡಿ. 5 ನಟ್ಟ ನಡುವೆ ಇದೆ. ಯಾವ ಅಂಕಿ ಒತ್ತಬೇಕೋ ಅದರಿಂದ 5ರ ಮೇಲೆ ನೇರ ಹಾರಿ ಎದುರಿನ ಅಂಕಿ ಹಿಡಿಯಬೇಕು. 1ಕ್ಕೆ 9, 2ಕ್ಕೆ 8, 3ಕ್ಕೆ 7, 4ಕ್ಕೆ 6. 5 ಮತ್ತು 0 ಪರಸ್ಪರ ಅದಲು ಬದಲು. ಹಾಸನದ ಎಸ್‌ಟಿಡಿ ಕೋಡ್ 08172ನ್ನು ಹೀಗೆ ಬರೆದರೆ 52938 ಆಗುತ್ತೆ. ಓದು ಸರಿಯಾಗಿ ಬಾರದ ಹುಡುಗನೂ ಬೆರಳಿನ ಅಂದಾಜಲ್ಲೇ ಬಿಡಿಸಬಹುದು. ಕಾಗದದ ಮೇಲೆ ಗಣಿತ ಹುಡುಕುವ ಅಧಿಕಾರಿಗೆ ಬೇಗ ಸಿಗೋದಿಲ್ಲ. ಬಿಡಿಸಿದ್ದು ಯಾರು ಅಂತ ನೋಡಿ, ಆ ಪಾತ್ರದ ಮುಂದಿನ ಕಥೆಗೆಲ್ಲ ಅದೇ ಬೀಜ.

‘ದಿ ಸೊಪ್ರಾನೋಸ್’ ಇಲ್ಲದೆ ಇವೆರಡೂ ಇರುತ್ತಿರಲಿಲ್ಲ ಅಂತಾರೆ. ನಿಜವಾ?

ಬಹಳ ಮಟ್ಟಿಗೆ ನಿಜ. 1999ರ ಜನವರಿಯಲ್ಲಿ ಶುರುವಾಗಿ 2007ರ ಜೂನ್‌ನಲ್ಲಿ ಮುಗಿದ ಡೇವಿಡ್ ಚೇಸ್ ಸರಣಿ, 86 ಕಂತು. ವಾರವಾರವೂ ಮನೆಗೆ ಬರೋ ಸರಣಿಯ ನಾಯಕ ಕೊಲೆಗಾರನಾದರೂ ಜನ ಕೂತು ನೋಡ್ತಾರೆ ಅನ್ನೋ ಧೈರ್ಯವನ್ನು ಚಾನೆಲ್‌ಗಳಿಗೆ ಕೊಟ್ಟಿದ್ದು ಇದೇ. ಮೊದಲ ಸೀಸನ್‌ನ 5ನೇ ಕಂತಲ್ಲಿ ನಾಯಕ, ಮಾಫಿಯಾ ಮುಖಂಡ ಟೋನಿ, ಮಗಳಿಗೆ ಕಾಲೇಜು ತೋರಿಸೋಕೆ ಕರೆದುಕೊಂಡು ಹೋಗ್ತಾನೆ, ಅದೇ ದಾರಿಯಲ್ಲಿ ತನ್ನ ‘ಇನ್ನೊಂದು ಕೆಲಸ’ವನ್ನೂ ಮುಗಿಸ್ತಾನೆ. ಟೋನಿ ಮಾಡಿದ ಜೇಮ್ಸ್ ಗ್ಯಾಂಡಲ್ಫಿನಿ ಮುಖದಲ್ಲಿ ಎರಡೂ ಒಟ್ಟಿಗೆ ಕಾಣುತ್ತೆ.

ಪಾತ್ರ ಒಂದನ್ನೇ ತೂಗಿದರೆ ಇದಕ್ಕೇ ಮೊದಲ ಸ್ಥಾನ. ಅಪರಾಧ ಹೇಗೆ ನಡೆಯುತ್ತೆ, ಹೇಗೆ ಪತ್ತೆಯಾಗುತ್ತೆ ಅನ್ನೋದರಲ್ಲಿ ಇದಕ್ಕೆ ಅಷ್ಟು ಆಸಕ್ತಿ ಇಲ್ಲ. ಇದು ಒಂದು ಸಂಸಾರದ ಕಥೆ, ವ್ಯಾಪಾರ ಕೊಲೆ ಸುಲಿಗೆಯದು ಅಷ್ಟೇ.

ಪ್ರಶಸ್ತಿ ನೋಡಿ ಆರಿಸಿದರೆ ಆಗಲ್ವಾ?

ಆಗಲ್ಲ. ‘ದಿ ವೈರ್’ಗೆ ಆರು ವರ್ಷದಲ್ಲಿ ಎಮ್ಮಿ (ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ) ನಾಮನಿರ್ದೇಶನ ಬಂದಿದ್ದು ಎರಡು, ಎರಡೂ ಬರವಣಿಗೆಗೆ, ಗೆದ್ದದ್ದು ಸೊನ್ನೆ. ‘ಬೆಟರ್ ಕಾಲ್ ಸಾಲ್’ಗೆ 53 ನಾಮನಿರ್ದೇಶನ, ಗೆದ್ದದ್ದು ಅದೇ ಸೊನ್ನೆ. ‘ಸೊಪ್ರಾನೋಸ್’ ಅತ್ಯುತ್ತಮ ಡ್ರಾಮಾ ಎಮ್ಮಿ ಪಡೆದದ್ದು 2004ರಲ್ಲಿ, ಶುರುವಾಗಿ ಐದು ವರ್ಷ ಕಳೆದ ಮೇಲೆ. ಕೇಬಲ್ ಸರಣಿಗೆ ಆ ಪ್ರಶಸ್ತಿ ಸಿಕ್ಕಿದ್ದೇ ಅದು ಮೊದಲು.

ನೋಡುಗರ ರೇಟಿಂಗ್‌ನಲ್ಲಿ ಬೇರೆ ತೊಂದರೆ. ಐದನೇ ಸೀಸನ್‌ಗೆ ಅಂಕ ಕೊಡೋರು ಮೊದಲ ನಾಲ್ಕನ್ನು ಮೆಚ್ಚಿ ಉಳಿದವರು. ಮಧ್ಯದಲ್ಲಿ ಬಿಟ್ಟವರು ಅಲ್ಲಿ ಇರೋದೇ ಇಲ್ಲ. ಹಾಗಾಗಿ ಕೊನೇ ಕಂತುಗಳ ಅಂಕ ತಾನಾಗೇ ಉಬ್ಬುತ್ತೆ. ‘ಬ್ರೇಕಿಂಗ್ ಬ್ಯಾಡ್’ನ ‘ಓಝಿಮ್ಯಾಂಡಿಯಸ್’ ಕಂತು ಐಎಂಡಿಬಿಯಲ್ಲಿ ವರ್ಷಗಟ್ಟಲೆ 10ಕ್ಕೆ 10 ಹಿಡಿದು ಕೂತಿತ್ತು. ಅದ್ಭುತ ಕಂತು, ಎರಡು ಮಾತಿಲ್ಲ. ಆದರೆ ಆ 10ರಲ್ಲಿ ಹಿಂದಿನ 59 ಕಂತುಗಳ ಪಾಲೂ ಇದೆ.

‘ಟ್ರೂ ಡಿಟೆಕ್ಟಿವ್’ ಮೊದಲ ಸೀಸನ್ ಒಂದೇ ಸಾಕು, ಇವೆಲ್ಲವನ್ನೂ ಮೀರಿಸುತ್ತೆ ಅಂದರೆ?

2014ರ ಆ 8 ಕಂತುಗಳನ್ನು ಒಬ್ಬರೇ ಬರೆದರು (ನಿಕ್ ಪಿಜೊಲಾಟೊ), ಒಬ್ಬರೇ ನಿರ್ದೇಶಿಸಿದರು (ಕ್ಯಾರಿ ಫುಕುನಾಗ). ಅದಕ್ಕೇ ಎಂಟೂ ಒಂದೇ ಹದದಲ್ಲಿವೆ. ನಾಲ್ಕನೇ ಕಂತಿನ ಕೊನೆಯ ಆರು ನಿಮಿಷದ ಒಂದೇ ಶಾಟ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ನಮಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು 1995ರ ತನಿಖೆ ಮತ್ತು 2012ರ ಹೇಳಿಕೆ ಎರಡನ್ನೂ ಹೊಸೆದ ರೀತಿ: ಬಾಯಿ ಒಂದು ಹೇಳುತ್ತೆ, ತೆರೆ ಇನ್ನೊಂದು ತೋರಿಸುತ್ತೆ. ಆದರೆ ಕೇಸಿನ ಬಿಡಿಸುವಿಕೆ ಸಡಿಲ, ಹೆಂಗಸರ ಪಾತ್ರಗಳು ತೆಳು. ಎಂಟು ಗಂಟೆಯ ಲೆಕ್ಕದಲ್ಲಿ ಮೊದಲ ಸಾಲು, ಅರವತ್ತು ಗಂಟೆಯ ಪಕ್ಕ ಇಟ್ಟು ತೂಗಬೇಡಿ.

ಅರ್ಧಕ್ಕೆ ನಿಂತ ಸರಣಿಯನ್ನು ಲೆಕ್ಕಕ್ಕೆ ಹಿಡೀಬೇಕಾ? ‘ಮೈಂಡ್‌ಹಂಟರ್’ ಥರದ್ದು?

ಹಿಡೀಬೇಕು. ಹೊಯ್ಸಳೇಶ್ವರಕ್ಕೆ ಶಿಖರ ಇಲ್ಲ ಅಂತ ಹಳೇಬೀಡನ್ನು ಯಾರೂ ಪಟ್ಟಿಯಿಂದ ತೆಗೆದಿಲ್ಲ. ‘ಮೈಂಡ್‌ಹಂಟರ್’ 2 ಸೀಸನ್, 19 ಕಂತಿಗೆ ನಿಂತಿತು. ಜೈಲಲ್ಲಿರುವ ಕೊಲೆಗಾರರನ್ನು ಮಾತಾಡಿಸುತ್ತಾ, ಬರೀ ಮೇಜು, ಎರಡು ಕುರ್ಚಿ, ಟೇಪ್ ರೆಕಾರ್ಡರ್ ಇಟ್ಟುಕೊಂಡು ಎದೆ ನಡುಗಿಸೋ ಕಲೆ ಅದರಷ್ಟು ಬೇರೆಯದಕ್ಕೆ ಗೊತ್ತಿಲ್ಲ. ಅಂಕ ಕೊಡುವಾಗ (ಐದು ಕಾಲಂನ ಲೆಕ್ಕ ಕೆಳಗಿದೆ) ‘ಮುಕ್ತಾಯ’ದ ಕಾಲಂ ಖಾಲಿ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ.

ಇಂಗ್ಲೆಂಡಿನವು?

ಕಡಿಮೆ ಸಮಯ ಇರೋರಿಗೆ ಹೇಳಿ ಮಾಡಿಸಿದಂಥವು. ‘ಹ್ಯಾಪಿ ವ್ಯಾಲಿ’ 2014ರಿಂದ 2023ರವರೆಗೆ ಮೂರು ಸರಣಿ, ಒಟ್ಟು 18 ಕಂತು. ಮಧ್ಯವಯಸ್ಸಿನ ಹೆಂಗಸು, ಮೊಮ್ಮಗನನ್ನು ಸಾಕುವ ಅಜ್ಜಿ, ಠಾಣೆಯ ಸಾರ್ಜೆಂಟ್, ಮೂರೂ ಒಬ್ಬಳೇ. ಸಣ್ಣ ಊರಲ್ಲಿ ಆರೋಪಿಯ ತಾಯಿ, ಸಾಕ್ಷಿಯ ತಮ್ಮ, ಪೊಲೀಸಿನವರ ಅಕ್ಕ ಎಲ್ಲರೂ ಒಂದೇ ಅಂಗಡಿಗೆ ಬರ್ತಾರೆ ಅನ್ನೋದು ಆಲೂರಿನವರಿಗೂ ಅರಕಲಗೂಡಿನವರಿಗೂ ಹೊಸದಲ್ಲ. ‘ಲೈನ್ ಆಫ್ ಡ್ಯೂಟಿ’ಯನ್ನು ವಿಚಾರಣಾ ಕೋಣೆಯ ದೃಶ್ಯಗಳಿಗಾಗಿ ನೋಡಿ. 2025ರ ‘ಅಡೋಲೆಸೆನ್ಸ್’ 4 ಕಂತು, ಪ್ರತಿಯೊಂದೂ ಶುರುವಿಂದ ಕೊನೆವರೆಗೆ ಒಂದೇ ಶಾಟ್. ಹೈಸ್ಕೂಲ್ ಮಕ್ಕಳಿರುವ ಅಪ್ಪ ಅಮ್ಮ ಮೊದಲು ತಾವು ನೋಡಿ ಆಮೇಲೆ ಮಕ್ಕಳ ಜೊತೆ ಕೂರಲಿ. ‘ಶೆರ್ಲಾಕ್’ ಒಗಟು, ಈ ಪಂದ್ಯದಲ್ಲಿ ಅದಕ್ಕೆ ಜಾಗವಿಲ್ಲ.

ನಮ್ಮ ದೇಶದ್ದು ಯಾವುದು ಮೇಲು?

‘ಡೆಲ್ಲಿ ಕ್ರೈಂ’ ಮೊದಲ ಸೀಸನ್ (2019, 7 ಕಂತು) ಮತ್ತು ‘ಪಾತಾಳ್ ಲೋಕ್’ ಮೊದಲ ಸೀಸನ್ (2020, 9 ಕಂತು). ಮೊದಲನೆಯದು 2020ರಲ್ಲಿ ಅತ್ಯುತ್ತಮ ಡ್ರಾಮಾ ಅಂತರರಾಷ್ಟ್ರೀಯ ಎಮ್ಮಿ ಗೆದ್ದಿತು, ಭಾರತದ ಸರಣಿಗೆ ಅದೇ ಮೊದಲು. ನಮ್ಮ ಮತ ಎರಡನೆಯದಕ್ಕೆ. ಜೈದೀಪ್ ಅಹ್ಲಾವತ್ ಮಾಡಿದ ಹಾಥಿರಾಮ್ ಚೌಧರಿಗೆ ಯಾವ ಮೇಲಧಿಕಾರಿಯೂ ಕೇಸು ಬಿಡಿಸಲಿ ಅಂತ ಕೊಟ್ಟಿದ್ದಲ್ಲ. ಅದನ್ನು ತಿಳಿದ ಮೇಲೂ ಅವನು ಬಿಡೋದಿಲ್ಲ. ‘ಸೇಕ್ರೆಡ್ ಗೇಮ್ಸ್’ ಮೊದಲ ಸೀಸನ್ ಬಿಗಿ, ಎರಡನೆಯದರಲ್ಲಿ ಗುರುಗಳ ಪ್ರವಚನ ಜಾಸ್ತಿಯಾಯಿತು. ಪಂಜಾಬಿನ ‘ಕೊಹ್ರಾ’ ಮೊದಲ ಸೀಸನ್ (2023, 6 ಕಂತು) ಗದ್ದಲವಿಲ್ಲದೆ ಇವುಗಳ ಸಾಲಿಗೆ ಬಂದು ಕೂತಿದೆ.

ಅಮೆರಿಕದ್ದನ್ನೂ ನಮ್ಮದನ್ನೂ ಹೋಲಿಸುವಾಗ ಎಲ್ಲಿ ತಪ್ಪು ಮಾಡ್ತೀವಿ?

ತಪ್ಪೊಪ್ಪಿಗೆ ವಿಷಯದಲ್ಲಿ. ಅಮೆರಿಕದ ಸರಣಿಯಲ್ಲಿ ವಿಚಾರಣಾ ಕೋಣೆಯ ತಪ್ಪೊಪ್ಪಿಗೆಯೇ ಕಂತಿನ ಶಿಖರ, ಯಾಕೆಂದರೆ ಹಕ್ಕುಗಳನ್ನು ತಿಳಿಸಿ ಸ್ವಇಚ್ಛೆಯಿಂದ ಪಡೆದದ್ದು ಅಲ್ಲಿನ ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತೆ. ನಮ್ಮಲ್ಲಿ ಪೊಲೀಸ್ ಅಧಿಕಾರಿ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಿಂದೆ 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23. ಒಪ್ಪಿಕೊಂಡವನು ಹೇಳಿದ ಮಾತಿನಿಂದ ಕತ್ತಿಯೋ ಬಟ್ಟೆಯೋ ಸಿಕ್ಕರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಅದಕ್ಕೇ ಇಲ್ಲಿ ಮಹಜರು, ಅದಕ್ಕೆ ಸಾಕ್ಷಿಯಾಗಿ ನಿಂತ ಪಂಚರ ಸಹಿ ಮುಖ್ಯ. ಹಿಂದಿ ಸರಣಿಯಲ್ಲಿ ಲಾಕಪ್ಪಿನಲ್ಲಿ ನಾಲ್ಕು ಏಟು ಬಿದ್ದು ಆರೋಪಿ ಬಾಯಿಬಿಟ್ಟ ಕೂಡಲೇ ‘ಕೇಸ್ ಕ್ಲೋಸ್’ ಅಂದರೆ ಅದು ಬರವಣಿಗೆಯ ಸೋಮಾರಿತನ. ತನಿಖೆಯ ಕಾಲಂನಲ್ಲಿ ಎರಡು ಅಂಕ ಕಳೆಯಿರಿ.

ಫೋನ್ ಕದ್ದಾಲಿಕೆಯೂ ಹಾಗೇ. ‘ದಿ ವೈರ್’ನಲ್ಲಿ ಜಡ್ಜ್ ಅನುಮತಿಗೆ ಅಷ್ಟು ಒದ್ದಾಟ. ಬೇರೆ ದಾರಿ ಇಲ್ಲ ಅಂತ ತೋರಿಸಬೇಕು, ಕೇಸಿಗೆ ಸಂಬಂಧವಿಲ್ಲದ ಮಾತು ಬಂದರೆ ಹೆಡ್‌ಫೋನ್ ಕೆಳಗಿಡಬೇಕು. ನಮ್ಮಲ್ಲಿ ಅನುಮತಿ ಕೊಡೋದು ಕೋರ್ಟ್ ಅಲ್ಲ, ಸಾಮಾನ್ಯವಾಗಿ ಗೃಹ ಕಾರ್ಯದರ್ಶಿ. ಕೊಲೆಗೆ ಈಗ ಹಳೇ ಐಪಿಸಿಯ (ಭಾರತೀಯ ದಂಡ ಸಂಹಿತೆ) 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಆದರೆ 2024ರ ಜುಲೈ 1ಕ್ಕೆ ಹಿಂದಿನ ಘಟನೆಯ ಕಥೆಯಲ್ಲಿ 302 ಅಂದರೆ ಅದೇ ಸರಿ, ತಪ್ಪು ಹಿಡಿಯೋಕೆ ಹೋಗಬೇಡಿ.

ಕನ್ನಡದಲ್ಲಿ ಏನಿದೆ?

ಕಡಿಮೆ. 2025ರಲ್ಲಿ ಜೀ5ನಲ್ಲಿ ಬಂದ ‘ಅಯ್ಯನ ಮನೆ’ ಪಕ್ಕದ ಚಿಕ್ಕಮಗಳೂರಿನ ಹಿನ್ನೆಲೆಯದು, ರಮೇಶ್ ಇಂದಿರಾ ನಿರ್ದೇಶನ. ಪೊಲೀಸ್ ಕಥೆ ಅನ್ನೋದಕ್ಕಿಂತ ಒಂದು ಮನೆಯ ನಿಗೂಢದ ಕಥೆ. ಧಾರಾವಾಹಿಗಳ ಕಾಲದಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ದ ಕೋರ್ಟ್ ದೃಶ್ಯಗಳಿಗೆ ಮನೆಮಂದಿಯೆಲ್ಲ ಕಾಯುತ್ತಿದ್ದರು. ಠಾಣೆ ಒಳಗಿನ ಕನ್ನಡ ಮಾತ್ರ ಇನ್ನೂ ತೆರೆಗೆ ಸರಿಯಾಗಿ ಬಂದಿಲ್ಲ. ‘ಬಿ ರಿಪೋರ್ಟ್ ಹಾಕಿದ್ರು’ (ಆರೋಪ ನಿಲ್ಲೋದಿಲ್ಲ ಅಂತ ಕೇಸು ಮುಚ್ಚಿದ್ರು), ‘ಸಿ ರಿಪೋರ್ಟ್ ಆಯ್ತು’ (ಆರೋಪಿ ಪತ್ತೆಯಾಗಲಿಲ್ಲ ಅಂತ ಮುಚ್ಚಿದ್ರು), ‘ಪಂಚರು ಉಲ್ಟಾ ಹೊಡೆದ್ರು’. ಈ ಮೂರು ಮಾತಲ್ಲೇ ಮೂರು ಸೀಸನ್ ಇದೆ.

ಗೆಳೆಯರೆಲ್ಲ ಸೇರಿ ಹೋಲಿಸಿ ನೋಡಬೇಕು. ಹೇಗೆ ನಡೆಸೋದು?

ಒಂದು ಸಂಜೆಗೆ ಎರಡೇ ಸರಣಿ, ತಲಾ ಒಂದು ಕಂತು. ಎಂಟು ಹತ್ತು ಜನ ಮೀರಬಾರದು. ‘ದಿ ವೈರ್’ 1ನೇ ಸೀಸನ್‌ನ 4ನೇ ಕಂತು ಒಂದು ಗಂಟೆ, ‘ಬ್ರೇಕಿಂಗ್ ಬ್ಯಾಡ್’ 1ನೇ ಸೀಸನ್‌ನ 3ನೇ ಕಂತು ಮುಕ್ಕಾಲು ಗಂಟೆ ಚಿಲ್ಲರೆ, ನಡುವೆ ಕಾಫಿ ಚುರುಮುರಿಗೆ 20 ನಿಮಿಷ, ಮಾತಿಗೆ 50. ಮೂರು ಗಂಟೆಗೆ ಮುಗಿಯುತ್ತೆ. ಆರಕ್ಕೆ ಶುರು ಮಾಡಿದರೆ ದೂರದವರಿಗೆ ರಾತ್ರಿಯ ಬಸ್ಸು ತಪ್ಪೋದಿಲ್ಲ.

ಕೊನೇ ಕಂತು ಆರಿಸಬೇಡಿ. ನೋಡದವರಿಗೆ ಕಥೆ ಹಾಳು, ನೋಡಿದವರು ಆ ಒಂದು ಗಂಟೆಗಲ್ಲ, ಇಡೀ ಸರಣಿಗೆ ವೋಟು ಹಾಕ್ತಾರೆ.

ತನಿಖೆಯ ಗಟ್ಟಿತನ, ಪಾತ್ರ, ಊರು, ಮಾತು, ಮುಕ್ತಾಯ, ಹೀಗೆ ಐದು ಕಾಲಂ, ತಲಾ 10 ಅಂಕ. ಒಂದೇ ಕಂತಿನ ಸಂಜೆಯಲ್ಲಿ ‘ಮುಕ್ತಾಯ’ ಅಂದರೆ ಆ ಕಂತು ಎಲ್ಲಿಗೆ ತಂದು ನಿಲ್ಲಿಸಿತು ಅನ್ನೋದು. ಕಂತು ಮುಗಿದ ಕೂಡಲೇ, ಯಾರೂ ಬಾಯಿ ತೆರೆಯುವ ಮೊದಲು, ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿಸಿ. ಇದನ್ನು ಬಿಟ್ಟರೆ ಸಂಜೆ ಕೆಟ್ಟಿತು ಅಂತಲೇ ಲೆಕ್ಕ; ಮೊದಲು ಜೋರಾಗಿ ಮಾತಾಡಿದವರ ಅಂಕವೇ ಎಲ್ಲರ ಅಂಕವಾಗುತ್ತೆ. ಮಾತೆಲ್ಲ ಮುಗಿದ ಮೇಲೆ ಇನ್ನೊಂದು ಚೀಟಿ. ಮೊದಲ ಚೀಟಿಗೂ ಎರಡನೆಯದಕ್ಕೂ ಯಾರ ಅಂಕ ಎಷ್ಟು ಸರಿಯಿತು ಅಂತ ನೋಡೋದರಲ್ಲೇ ಮಜಾ ಇರೋದು. ಮುಂದಿನ ಸಲ ಕಂತುಗಳ ಸರದಿ ಅದಲು ಬದಲು ಮಾಡಿ, ಎರಡನೆಯದಾಗಿ ಹಾಕಿದ್ದಕ್ಕೆ ಸದಾ ತುಸು ಹೆಚ್ಚು ಬೀಳುತ್ತೆ.

ಮಳೆಗಾಲದಲ್ಲಿ ಸಕಲೇಶಪುರದ ಕಡೆ ನೆಟ್ಟೂ ಇಲ್ಲ, ಕರೆಂಟೂ ಇಲ್ಲ. ಏನು ಮಾಡೋದು?

ಜೂನ್‌ಗೆ ಮೊದಲೇ, ಪೇಟೆಗೆ ಬಂದಾಗ ಡೌನ್‌ಲೋಡ್ ಮಾಡಿಕೊಳ್ಳಿ. ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ 1 ಜಿಬಿವರೆಗೆ, ಎಚ್‌ಡಿಗೆ 3 ಜಿಬಿವರೆಗೆ ಬೇಕು. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಎಚ್‌ಡಿಯಲ್ಲಿ ಒಂದು ಕಂತೂ ಪೂರ್ತಿ ಇಳಿಯದೇ ಇರಬಹುದು. ಆರಿಂಚಿನ ಮೊಬೈಲಿಗೆ ಸಾಧಾರಣವೇ ಸಾಕು. ಡೌನ್‌ಲೋಡ್‌ಗೆ ಗಡುವು ಇರುತ್ತೆ, ಕೆಲವಕ್ಕೆ ಪ್ಲೇ ಒತ್ತಿದ ಮೇಲೆ 48 ಗಂಟೆ ಅಷ್ಟೇ. ಆದ್ದರಿಂದ ‘ಸುಮ್ಮನೆ ಚೆಕ್ ಮಾಡೋಣ’ ಅಂತ ಮುಂಚೆಯೇ ಒತ್ತಿ ನೋಡಬೇಡಿ.

‘ದಿ ವೈರ್’ನಲ್ಲಿ ಟಿವಿಯ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತೆ. ಜೂಮ್ ಮಾಡಬಹುದಾ?

ಬೇಡ. ಅದನ್ನು ಚಿತ್ರಿಸಿದ್ದೇ ಹಳೇ ಟಿವಿಯ 4:3 ಅಳತೆಗೆ. ಅಗಲ ತೆರೆಯ ಆವೃತ್ತಿ 2014ರಲ್ಲಿ ಬೇರೆಯಾಗಿ ಬಂತು. ನಿಮಗೆ ಸಿಕ್ಕಿದ್ದು ಹಳೆಯದಾದರೆ ಜೂಮ್ ಒತ್ತಿದಾಗ ತಲೆ ಮೇಲ್ಭಾಗವೂ ಸಬ್‌ಟೈಟಲ್ಲೂ ಕತ್ತರಿಸಿಹೋಗುತ್ತೆ.

‘ಸೊಪ್ರಾನೋಸ್’ ಕೊನೇ ಕಂತಿನ ಕಡೇ ದೃಶ್ಯದ ಮಧ್ಯದಲ್ಲೇ ಟಿವಿ ಕಪ್ಪಾಗಿ ಸೌಂಡೂ ಹೋಯ್ತು. ಕರೆಂಟ್ ಹೋದ ಹಾಗೆ. ನಮ್ಮ ಟಿವಿದೇ ತೊಂದರೆನಾ?

ಅಲ್ಲ. ಯುಪಿಎಸ್ ಮುಟ್ಟಬೇಡಿ, ಸುಮಾರು ಹತ್ತು ಸೆಕೆಂಡ್ ಸುಮ್ಮನೆ ಕೂತಿರಿ, ಹೆಸರುಗಳು ಬರುತ್ತವೆ. 2007ರಲ್ಲಿ ಅಮೆರಿಕದಲ್ಲೂ ಎಷ್ಟೋ ಜನ ಕೇಬಲ್ ಹೋಯ್ತು ಅಂದುಕೊಂಡಿದ್ದರು. ನೋಡೋಕೆ ಕೂರುವ ಮೊದಲು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆಟೊಪ್ಲೇ’ ಆಫ್ ಮಾಡಿಡಿ. ಇಲ್ಲದಿದ್ದರೆ ಆ ಕತ್ತಲೆಯನ್ನು ಮೂಲೆಗೆ ತಳ್ಳಿ ಬೇರೆ ಯಾವುದೋ ಸರಣಿಯ ಟ್ರೈಲರ್ ಕುಣಿಯೋಕೆ ಶುರು ಮಾಡುತ್ತೆ.